ಉಪಾಧ್ಯಕ್ಷರ ವಾರ

ಸೀಮೆಎಣ್ಣೆಯ ವಾಸನೆ, ಬೀರಯ್ಯ ಕುರ್ಚಿ ಒರೆಸುತ್ತಿದ್ದಾನೆ, ಲಾಂದ್ರ ಒರೆಸುವ ಬಟ್ಟೆಯಲ್ಲೇ ಕುರ್ಚಿಯನ್ನೂ ಒರೆಸುತ್ತಾನೆ ಈ ಜವಾನ, ಇವತ್ತು ಅಧ್ಯಕ್ಷರಿಗಾಗಿ, ಈರಭದ್ರಪ್ಪನವರು ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದಿಳಿದು ನೇರ ಪಂಚಾಯಿತಿ ಆಫೀಸಿಗೇ ಬಂದಿದ್ದಾರೆ, ನಾನು ಮತ್ತೆ ನನ್ನ ಬೆಂಚಿನ ತುದಿಗೆ, ಕಿಟಕಿಯ ಪಕ್ಕಕ್ಕೆ — ಹೋದ ಸೋಮವಾರ ಇದೇ ಬೀರಯ್ಯ ಇದೇ ಕುರ್ಚಿಯನ್ನು ನನಗಾಗಿ ಒರೆಸಿದ್ದ, ಕೂತ್ಕಳ್ರಮ್ಮ, ಈ ವಾರ ನೀವೇ ಅಲ್ವ ಅಧ್ಯಕ್ಷರು, ಕೂತೆ, ಕಾಲು ನೆಲಕ್ಕೆ ಪೂರ್ತಿ ತಾಗಲಿಲ್ಲ, ಆದರೂ ಒಳಗೆ ಎಂಥದೋ ಹಿಗ್ಗು, ಅದನ್ನು ಈಗ ಸುಳ್ಳೆನ್ನಲಾರೆ, ಅಜ್ಜಂಪುರದಲ್ಲಿ ಯಾವ ಹೆಂಗಸು ಆ ಕುರ್ಚಿಯಲ್ಲಿ ಕೂತಿದ್ದಳು, ನಾನಾದರೂ ಉಪಾಧ್ಯಕ್ಷೆಯಾದದ್ದು ಹೇಗೆ, ಅರವತ್ತರ ಚುನಾವಣೆ ಮುಗಿದ ಮೇಲೆ ಮೇಲಿನ ಕೇರಿಯವರೂ ಪೇಟೆಯವರೂ ಪಟ್ಟು ಬಿಡದೆ ಕೂತಾಗ ಯಾರೋ ಅಂದರು, ಹೆಂಗಸರ ಸೀಟಿನ ಮಲ್ಲಿಕಾಂಬಮ್ಮ ಇರ್ಲಿ ಬಿಡ್ರಿ, ಯಾರ್ಗೂ ತೊಂದ್ರೆ ಇಲ್ಲ. ತೊಂದರೆಯಿಲ್ಲದವಳು. ಮಂಗಳವಾರ ಕಾರ್ಯದರ್ಶಿ ತಿಮ್ಮಪ್ಪ ನಕ್ಷೆಯೊಂದನ್ನು ಮೇಜಿನ ಮೇಲೆ ಹರವಿದ, ಬಸ್ ರಸ್ತೆ ಅಗಲ ಮಾಡೋದಮ್ಮ, ನಕ್ಷೆ ಬಂದು ಮೂರು ತಿಂಗಳಾಯ್ತು, ಎರಡು ನೋಟೀಸು ಆಗಲೇ ಹೋಗವೆ, ಇದು ಕೊನೇದು, ಮೂರು ಮನೆ ತೆಗಿಬೇಕು, ಅಧ್ಯಕ್ಷರು ಊರಲ್ಲಿಲ್ಲ ನೋಡಿ, ಅದಕ್ಕೇ ನಿಮ್ಮ ರುಜು. ಕೆಂಪು ಗೆರೆ ಸ್ಟೇಷನ್ ಕಡೆಯಿಂದ ನೇರವಾಗಿ ಬರುತ್ತದೆ, ಒಂದು ಕಡೆ ಮಾತ್ರ ಬಾಗುತ್ತದೆ, ಮುದ್ದಪ್ಪನ ಗೋದಾಮನ್ನು ಸುತ್ತಿಕೊಂಡು ಎದುರಿನ ಮೂರು ಮನೆಗಳ ಮೇಲೆ ಹಾಯುತ್ತದೆ, ಮುದ್ದಪ್ಪ ಈರಭದ್ರಪ್ಪನವರ ಹೆಂಡತಿಯ ತಮ್ಮ, ಯಾಕೆ ಇಲ್ಲಿ ಬಾಗಿದೆ ಅಂದೆ, ಕೇಳಿದ್ದೇನೆ, ಕೇಳಲಿಲ್ಲ ಅನ್ನುವ ಹಾಗಿಲ್ಲ, ಇಂಜಿನಿಯರ್ರು ಹಾಕಿರೋ ಗೆರೆ ಕಣಮ್ಮ, ನಾವು ನೀವು ತಿದ್ದಕಾಯ್ತದಾ, ಅಂದ ತಿಮ್ಮಪ್ಪ, ನಾಳೆ ನೋಡೋಣ ಅಂದೆ. ಬುಧವಾರ ತರೀಕೆರೆಯಿಂದ ಬಿ.ಡಿ.ಓ. ಸಾಹೇಬರು ಜೀಪಿನಲ್ಲಿ ಬಂದರು, ನನ್ನೆದುರು ಟೋಪಿ ತೆಗೆದರು, ಅಧ್ಯಕ್ಷರೇ ಅಂತ ಕರೆದರು, ಕೆಲಸ ಚುರುಕಾಗಿ ಮಾಡ್ತೀರಂತೆ ಅಂದರು, ತಿಮ್ಮಪ್ಪ ಪೆನ್ನಿನ ಟೊಪ್ಪಿ ಬಿಚ್ಚಿ ಕೊಟ್ಟ — ಮಲ್ಲಿಕಾಂಬ ಅಂತ ಮೂರು ಕಡೆ ಬರೆದೆ, ಮೂರನೆಯದು ಬಹಳ ಚೆನ್ನಾಗಿ ಬಂತು, ಬಾಲ ಎಳೆದು ಕೆಳಗೊಂದು ಚುಕ್ಕೆಯನ್ನೂ ಇಟ್ಟೆ.

ಗುರುವಾರ ಬುಕ್ಕಾಂಬುಧಿ ರಸ್ತೆಯ ಮೋರಿ ನೋಡಲು ಹೋದೆ, ದಾರಿಯಲ್ಲಿ ಜನ ಕೈ ಮುಗಿದರು, ಊಟಕ್ಕೆ ಕೂತಾಗ ಮನೆಯವರು, ಏನು ಅಧ್ಯಕ್ಷರೇ, ಮಜ್ಜಿಗೆ ಬಡಿಸ್ತೀರೋ ನಾವೇ ಹಾಕ್ಕೋಬೇಕೋ ಅಂದರು, ನಕ್ಕೆ. ಶುಕ್ರವಾರ ಮಧ್ಯಾಹ್ನ ಹಿತ್ತಿಲ ಬಾಗಿಲಲ್ಲಿ ಸುಗ್ರಾಬಿ, ಹನ್ನೆರಡು ವರ್ಷದಿಂದ ನನ್ನ ರವಿಕೆ ಹೊಲಿಯುವವಳು, ಗಂಡ ಸತ್ತ ಮೇಲೆ ಒಂದು ಮಿಷನ್ನಿನಲ್ಲೇ ಬದುಕಿದವಳು, ಮನೆಗೇ ಬಂದು ದಾರದಲ್ಲಿ ಅಳತೆ ತಗೊಂಡು ಗಂಟು ಹಾಕಿಕೊಂಡು ಹೋಗುವವಳು, ಅವಳ ಮನೆ ಯಾವುದೆಂದು ನಾನು ಕೇಳಿದ್ದೇ ಇಲ್ಲ, ಸೆರಗಿನ ಒಳಗಿಂದ ಕಾಗದ ತೆಗೆದಳು, ಅಮ್ಮಾ, ಚೀಟಿ ಬಂದೈತೆ, ಸ್ವಲ್ಪ ಓದಿ ಹೇಳ್ತೀರಾ. ಓದಿದೆ. ನಾನೇ ರುಜು ಮಾಡಿದ್ದನ್ನು ನಾನೇ ಅವಳಿಗೆ ಓದಿದೆ, ಶನಿವಾರ ಬೆಳಗ್ಗೆ ಒಂಬತ್ತಕ್ಕೆ ತೆರವು ಮಾಡತಕ್ಕದ್ದು, ನಾಳೆನಾ ಅಂದಳು, ನಾಳೆ ಅಂದೆ, ಹಳೇ ಚೀಟಿ ಎರಡೂ ಓದಿಸ್ಲಿಲ್ಲ ನಾನು, ಕಂದಾಯದ್ದು ಅಂದ್ಕೊಂಡೆ, ಕೆಳಗೆ ಯಾರ್ದಮ್ಮ ರುಜು — ಪಂಚಾಯಿತಿದು ಅಂದೆ. ಪಂಚಾಯಿತಿದು. ಅವಳು ತಲೆಯಾಡಿಸಿದಳು, ನಿಮ್ಮ ರವಿಕೆ ಇನ್ನೊಂದು ತೋಳು ಬಾಕಿ ಐತೆ, ಕೊಟ್ಬಿಡ್ತೀನಿ, ಅಂದು ಹೋದಳು. ಶನಿವಾರ ನಾನು ಅಲ್ಲಿರಲೇಬೇಕಂತೆ, ತಿಮ್ಮಪ್ಪ ಕೊಡೆ ಹಿಡಿದಿದ್ದ, ಉಳಿದ ಎರಡು ಮನೆಯವರು ಆಗಲೇ ಖಾಲಿ ಮಾಡಿ ಹೋಗಿದ್ದರು, ಸುಗ್ರಾಬಿಯ ಮನೆಯ ಹೆಂಚು ಇಳಿಸಿದರು, ಜಂತಿ ಬಿಚ್ಚಿದರು, ಮಿಷನ್ನು ಬೇವಿನ ಮರದ ಕೆಳಗೆ ಬಿಸಿಲಿನಲ್ಲಿ, ಸುಗ್ರಾಬಿಯ ತಂಗಿ ಹಜೀರಾಬಿ ತರೀಕೆರೆಯಿಂದ ಬಂದು ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು, ನನ್ನ ಕಡೆ ನೋಡಲಿಲ್ಲ, ಸುಗ್ರಾಬಿ ನೋಡಿದಳು, ಬಂದಳು, ಮಡಿಸಿದ ರವಿಕೆ ಕೈಗಿಟ್ಟಳು, ಬೀರಯ್ಯ ಹೇಳ್ದ, ನಿಮ್ಮದೇ ಅಂತೆ ರುಜು, ಅಷ್ಟೇ ಅಂದಳು, ಬೈಯಲಿಲ್ಲ, ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಆಗ ಮುಂದಿನ ಗೋಡೆ ಕವುಚಿ ಬಿತ್ತು, ಧೂಳು ಇಳಿದಾಗ ಹಿಂದಿನ ಗೋಡೆಯೊಂದೇ ನಿಂತಿತ್ತು, ಹಸಿರು ಸುಣ್ಣದ ಗೋಡೆ, ಅದರ ತುಂಬ ಸೀಮೆಸುಣ್ಣದಲ್ಲಿ ಏನೇನೋ, ಗಿಣಿ, ಚಂದ್ರ, ಬಾಚಣಿಗೆ, ಒಂದೊಂದರ ಕೆಳಗೂ ಉದ್ದುದ್ದ ಗೆರೆಗಳು, ರಸ್ತೆಯ ಗಂಡಸರೆಲ್ಲ ನೋಡುತ್ತಿದ್ದರು, ಇದೇನು ಸುಗ್ರಾಬಿ ಅಂದೆ, ನಂಗೆ ಓದು ಬರಲ್ವಲ್ಲ ತಾಯಿ, ಊರ ಹೆಂಗಸ್ರ ಅಳತೆ, ಗಂಟು ಬಿಚ್ಚಿ ಗೋಡೆಗೆ ಹಾಕ್ಕೋತಿದ್ದೆ, ಆ ಮಲ್ಲಿಗೆ ಹೂವು ನೀವು. ಐದು ಎಸಳು. ಕೆಳಗೆ ಮೂರು ಗೆರೆ, ಎದೆ, ತೋಳು, ಬೆನ್ನು.

ಸಂಜೆ ರೈಲಿಗೆ ಅಕ್ಕತಂಗಿಯರು ತರೀಕೆರೆಗೆ ಹೋದರು, ಭಾನುವಾರ ಮನೆಯವರು ಏನು ಕೇಳಿದರೋ ನಾನು ಏನು ಹೇಳಿದೆನೋ, ಅನ್ನ ಕಲಸಿದೆ, ಕೈ ನನ್ನದು ಅನ್ನಿಸಲಿಲ್ಲ, ಈಗಲೂ ಅನ್ನಿಸುತ್ತಿಲ್ಲ, ಮಡಿಲಲ್ಲಿ ಸುಮ್ಮನೆ ಬಿದ್ದಿವೆ ಎರಡೂ, ಈರಭದ್ರಪ್ಪನವರು ಮಾತಾಡುತ್ತಿದ್ದಾರೆ, ನಾನಿದ್ದಿದ್ರೆ ನಂಗೆ ಮನಸ್ಸೇ ಬರ್ತಿರಲಿಲ್ಲ ಕಣ್ರೀ, ನಮ್ಮ ಮಲ್ಲಿಕಾಂಬಮ್ಮನೋರದು ಗಟ್ಟಿ ಗುಂಡಿಗೆ, ಸದಸ್ಯರು ನಗುತ್ತಾರೆ, ಓಹೋ, ಅದಕ್ಕೇ ಬೆಂಗಳೂರು, ಅದಕ್ಕೇ ಸರಿಯಾಗಿ ಈ ವಾರ, ಮೂರು ತಿಂಗಳಿಂದ ಇದ್ದ ನಕ್ಷೆ ನನ್ನ ವಾರಕ್ಕೇ ಮೇಜಿಗೆ ಬಂತು, ಇಷ್ಟು ದೊಡ್ಡದು ಗೊತ್ತಾದರೂ ಒಳಗೆ ಏನೂ ಅಲ್ಲಾಡುವುದಿಲ್ಲ, ತಿಮ್ಮಪ್ಪ ಓದುತ್ತಾನೆ, ತೆರವು ಕಾರ್ಯವನ್ನು ಸಭೆ ಅನುಮೋದಿಸಿದೆ, ಗೆರೆ ಮುದ್ದಪ್ಪನವರ ಗೋದಾಮಿನ ಹತ್ರ ಯಾಕೆ ಬಾಗಿದೆ — ಯಾರು ಕೇಳಿದ್ದು, ನಾನೇ, ಎದ್ದು ನಿಂತಿದ್ದೇನೆ, ಬರ್ಕೊಳ್ಳಿ ತಿಮ್ಮಪ್ಪ, ನಾನು ಕೇಳಿದೆ ಅಂತ ಬರ್ಕೊಳ್ಳಿ, ಆ ಹೆಂಗ್ಸಿಗೆ ಬೇರೆ ಜಾಗ ಕೊಡ್ಬೇಕು ಅಂತಾನೂ, ಯಾರೂ ನಗುವುದಿಲ್ಲ, ಈರಭದ್ರಪ್ಪನವರು ಮೆಲ್ಲಗೆ, ತಾಯಿಯ ಜೊತೆ ಮಾತಾಡುವ ಹಾಗೆ, ಅಮ್ಮಾ, ರುಜು ನಿಮ್ಮದೇ ಅಲ್ವೇನಮ್ಮ, ಜಾಗದ್ದು ಮುಂದಿನ ಸಭೆಗೆ ನೋಡನ, ಕುಂತ್ಕಳಿ, ಸರ್ವಾನುಮತ ಅಂತ ಬರಿಯೋ ತಿಮ್ಮಪ್ಪ. ಕೂರುವುದಿಲ್ಲ, ಹೋಗುವುದೂ ಇಲ್ಲ, ಪೆನ್ನು ಕರಕರ ಅನ್ನುತ್ತದೆ, ಆ ಗೋಡೆ ಇನ್ನೂ ಬಿದ್ದಿಲ್ಲ, ಇವತ್ತು ಬೆಳಗ್ಗೆ ಬರುವಾಗಲೂ ಕಂಡೆ, ನಾಳೆ ಬೀಳಿಸುತ್ತಾರಂತೆ, ಬಸ್ಸು ಕಾಯುವವರು ಅದರ ಮುಂದೆ ನಿಂತಿದ್ದರು, ಒಬ್ಬ ಗಿಣಿಗೆ ಬೆನ್ನು ಕೊಟ್ಟು ಬೀಡಿ ಹಚ್ಚುತ್ತಿದ್ದ, ಮಲ್ಲಿಗೆ ಹಾಗೇ ಇತ್ತು, ಬಿಸಿಲಲ್ಲಿ, ಹಸಿರು ಸುಣ್ಣದ ಮೇಲೆ ಬೆಳ್ಳಗೆ, ಐದು ಎಸಳು, ಕೆಳಗೆ ಮೂರು ಗೆರೆ, ನೇರ, ಎಲ್ಲೂ ಬಾಗದ ಮೂರು ಗೆರೆ, ಐದು ಎಸಳು, ಬೆಳ್ಳಗೆ —