ಈ ಮೆಟ್ಟಿಲು ಬರೆದವರು ಯಾರು?

ಶಾಲೆಯ ಮಕ್ಕಳ ನಾಟಕ. ಮಧ್ಯಾಹ್ನ ಮೂರು ಗಂಟೆ. ಹಾಲ್ ತುಂಬ ಅಪ್ಪ ಅಮ್ಮಂದಿರು. ಮೂರನೇ ಸಾಲಿನಲ್ಲಿ ಪರದೆಯಮ್ಮ ಕೂತಿದ್ದಳು. ಅವಳ ತಂಗಿಯ ಮೊಮ್ಮಗಳಿಗೆ ಅದರಲ್ಲಿ ರಾಣಿಯ ಪಾತ್ರ.

ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಎಲ್‌ಇಡಿ ಸ್ಕ್ರೀನು. ಮೊದಲು ಕತ್ತಲೆ. ಆಮೇಲೆ ಮೆಲ್ಲಗೆ ಒಂದು ಅರಮನೆ ಮೂಡಿತು. ಅರಮನೆಯೊಳಗೆ ಬಲಕ್ಕೆ ತಿರುಗಿ ಮೇಲೆ ಹೋಗುವ ಮೆಟ್ಟಿಲು.

"ಆಹಾ!" ಅಂದರು ಜನ. ಪಕ್ಕದವರು ಫೋನ್ ತೆಗೆದು ಫೋಟೋ ಹೊಡೆದರು.

ಪರದೆಯಮ್ಮ ಮುಂದಕ್ಕೆ ಬಗ್ಗಿ ನೋಡಿದಳು. ಮೆಟ್ಟಿಲು ಎಣಿಸಿದಳು. ಒಂದು, ಎರಡು, ಮೂರು... ಏಳನೇ ಮೆಟ್ಟಿಲಿಗೆ ನೆರಳೇ ಇಲ್ಲ! ಅವಳೇ ಹಿಂದೆ ಪರದೆಯ ಮೇಲೆ ಅದನ್ನು ಬರೆಯುವಾಗ ಅತ್ತೆ ಬಚ್ಚಲಲ್ಲಿ ಜಾರಿಬಿದ್ದಿದ್ದರು. ಬ್ರಷ್ ಬಿಸಾಕಿ ಓಡಿದ್ದಳು. ಆಸ್ಪತ್ರೆಯಿಂದ ವಾಪಸ್ ಬರುವಷ್ಟರಲ್ಲಿ ಬಣ್ಣ ಒಣಗಿತ್ತು, ಆ ಮೆಟ್ಟಿಲಿನ ನೆರಳು ಮರೆತೇ ಹೋಗಿತ್ತು. ಪ್ರಪಂಚದಲ್ಲಿ ಇನ್ಯಾವ ಮೆಟ್ಟಿಲಿಗೆ ಈ ತಪ್ಪು ಇರೋಕೆ ಸಾಧ್ಯ?

ಬಲಗಡೆ ಕೆಳಗಿನ ಮೂಲೆ ನೋಡಿದಳು. ಅಲ್ಲಿ ಅವಳ ಸಹಿ ಇರಬೇಕಿತ್ತು. ಆ ಅಂಚನ್ನೇ ಕತ್ತರಿಸಿ ತೆಗೆದಿದ್ದರು.

ಆಮೇಲೆ ನಾಟಕದಲ್ಲಿ ಏನು ನಡೆಯಿತೋ ಅವಳಿಗೆ ಗೊತ್ತಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಪರದೆ ಬರೆಯುವುದು ಅವಳ ಕಸುಬು. ಇಪ್ಪತ್ತು ಅಡಿ ಅಗಲದ ಬಟ್ಟೆಯನ್ನು ನೆಲಕ್ಕೆ ಹಾಸಿ, ಬರಿಗಾಲಲ್ಲಿ ಅದರ ಮೇಲೆ ನಡೆದಾಡಿ, ಕೋಲಿಗೆ ಕಟ್ಟಿದ ಬ್ರಷ್‌ನಿಂದ ಕಾಡು, ಬೀದಿ, ಹೊಳೆ, ಅರಮನೆ ಬರೆಯುವುದು. ಮೂವತ್ತು ವರ್ಷದ ಕೆಲಸ. ನಾಟಕದವರು ಬಾಡಿಗೆಗೆ ಒಯ್ಯುತ್ತಿದ್ದರು, ಸ್ಟುಡಿಯೋದವರು ಕೊಳ್ಳುತ್ತಿದ್ದರು. ಅವಳ ನಿಜವಾದ ಹೆಸರು ಜನಕ್ಕೆ ಮರೆತುಹೋಗುವಷ್ಟು ಕೆಲಸ ಇತ್ತು. ಸ್ಕ್ರೀನುಗಳು ಬಂದ ಮೇಲೆ ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ಕೊನೆಯ ಎರಡು ವರ್ಷದಲ್ಲಿ ಒಂದೇ ಒಂದು ಪರದೆ ಬರೆದಿದ್ದಳು.

ನಾಟಕ ಮುಗಿದದ್ದೇ ತಡ, ನೇರ ಹಿಂದಕ್ಕೆ ಹೋದಳು. ವೈರುಗಳ ರಾಶಿಯ ನಡುವೆ ಸ್ಕ್ರೀನಿನ ಗುತ್ತಿಗೆದಾರ ಕೂತಿದ್ದ.

"ಆ ಅರಮನೆ ಚಿತ್ರ ಎಲ್ಲಿಂದ ತಂದ್ರಿ?"

"ಚೆನ್ನಾಗಿದೆ ಅಲ್ವಾಮ್ಮ? ನೆಟ್‌ನಲ್ಲಿ ಸಿಕ್ತು."

"ಅದು ನಾನು ಬರೆದಿದ್ದು."

ಅವನು ನಕ್ಕ. "ನೀವು ಬಟ್ಟೆ ಮೇಲೆ ಬರೆದಿರಬಹುದು. ಇದು ಕಂಪ್ಯೂಟರಲ್ಲಿ ಇರೋದು. ನೆಟ್‌ನಲ್ಲಿ ಬಿದ್ದಿರೋದೆಲ್ಲ ಎಲ್ಲರದ್ದೂ ಅಮ್ಮ. ರಸ್ತೇಲಿ ಸಿಕ್ಕಿದ್ದನ್ನ ಎತ್ಕೊಂಡ ಹಾಗೆ."

"ಬಾಗಿಲ ಹೊರಗೆ ಬಿಟ್ಟ ಚಪ್ಪಲೀನೂ ರಸ್ತೇಲೇ ಇರುತ್ತೆ. ಎತ್ಕೊಂಡು ಹೋದವನಿಗೆ ಏನಂತಾರೆ?"

ಅವನ ನಗು ಆರಿತು. "ಕಾಲ ಬದಲಾಯ್ತಮ್ಮ. ಬಟ್ಟೆ ಕಾಲ ಮುಗೀತು. ಮನೇಲಿ ಆರಾಮಾಗಿರಿ."

ಆಗ ಅವಳಿಗೆ ಅವನ ಮುಖದ ಗುರುತು ಹತ್ತಿತು. ಮೂರು ವರ್ಷದ ಹಿಂದೆ ಇದೇ ಮನುಷ್ಯ ಅರಮನೆ ಪರದೆಯನ್ನು ಬಾಡಿಗೆಗೆ ಕೇಳಲು ಬಂದಿದ್ದ. "ನಮ್ಮವರಿಗೆ ತೋರಿಸಬೇಕು, ಒಂದು ಫೋಟೋ ಹೊಡ್ಕೋತೀನಿ. ಮೂಲೆ ಸ್ವಲ್ಪ ಬಿಗಿಯಾಗಿ ಹಿಡ್ಕೊಳ್ಳಿ ಅಮ್ಮ, ಸುಕ್ಕು ಕಾಣುತ್ತೆ" ಅಂದಿದ್ದ. ಇವಳು ಹಿಡಿದುಕೊಂಡಿದ್ದಳು. ನಗುನಗುತ್ತಾ ಹಿಡಿದುಕೊಂಡಿದ್ದಳು! ಆಮೇಲೆ ಅವನು ಪರದೆ ಒಯ್ಯಲು ಬರಲೇ ಇಲ್ಲ.

ದಾರಿಯುದ್ದಕ್ಕೂ ಅವಳ ಸಿಟ್ಟು ಅವನ ಮೇಲೆ ಅರ್ಧ, ತನ್ನ ಮೇಲೆ ಅರ್ಧ.

ಮರುದಿನ ಬೆಳಗ್ಗೆ, ಇನ್ನು ಇವು ಯಾರಿಗೆ ಬೇಕು ಅಂತ, ಶೆಡ್ಡಿಗೆ ಹೋಗಿ ಸುತ್ತಿಟ್ಟಿದ್ದ ಪರದೆಗಳನ್ನೆಲ್ಲ ಹೊರಗೆಳೆದಳು. ಎದುರು ಮನೆಯ ಲಾರಿ ಡ್ರೈವರ್ ಬಹಳ ದಿನದಿಂದ ಹೊದಿಕೆಗೆ ಗಟ್ಟಿ ಬಟ್ಟೆ ಕೇಳುತ್ತಿದ್ದ. ಎಲ್ಲಕ್ಕೂ ಮೇಲಿದ್ದದ್ದು ಕಾಡಿನ ಪರದೆ. ಅವಳು ಬರೆದ ಪರದೆಗಳಲ್ಲೆಲ್ಲ ಅದಕ್ಕಿಂತ ಚೆಂದದ್ದು ಇರಲಿಲ್ಲ. ದೊಡ್ಡ ಕತ್ತರಿ ತೆಗೆದು ನಡುಮಧ್ಯಕ್ಕೆ ಕತ್ತರಿಸಿದಳು. ಅರ್ಧ ಕಾಡನ್ನು ಡ್ರೈವರ್ ಮಡಚಿಕೊಂಡು ಹೋದ.

ಅವಳ ಗಂಡ ಬಡಗಿ. ಬಾಗಿಲಲ್ಲಿ ಉಳಿ ಹಿಡಿದು ನಿಂತು ನೋಡುತ್ತಿದ್ದ.

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತಿ ಆದ್ಮೇಲೆ ಬರುತ್ತೇನೇ?"

"ಮೂಗು ಕೊಯ್ದಿದ್ದು ನಾನಲ್ಲ ರೀ. ಅವನು ನಿನ್ನೆ ತುಂಬಿದ ಸಭೇಲಿ ಕೊಯ್ದ!"

"ಹೋಗ್ಲಿ ಬಿಡು. ಅವನ ಕೈಲಿ ಮೆಷಿನ್ ಇದೆ, ಆ ಹಾಲಲ್ಲಿ ಅವನು ಹೇಳಿದ್ದೇ ನಡೆಯೋದು. ನಮ್ಮಂಥವರ ಮಾತು ಯಾರು ಕೇಳ್ತಾರೆ?"

ಎರಡನೇ ಪರದೆ ಹಾಸಿ ಕತ್ತರಿ ಇಡುವಷ್ಟರಲ್ಲಿ ನಿನ್ನೆಯ ಸಂಗತಿ ಕೇಳಿ ನಾದಿನಿ ಬಂದಳು. ನಾದಿನಿಗೆ ಬಸ್ ನಿಲ್ದಾಣದ ಹತ್ತಿರ ಪ್ರಿಂಟಿಂಗ್ ಅಂಗಡಿ ಇದೆ. ಪರದೆಯಮ್ಮನಿಗೆ ಆ ಅಂಗಡಿ ಕಂಡರೆ ಆಗದು. ಅಲ್ಲಿನ ಮೆಷಿನ್ನುಗಳೇ ತನ್ನ ಅನ್ನ ಕಿತ್ತುಕೊಂಡವು ಅಂತ ಅವಳ ವಾದ.

"ಅತ್ತಿಗೆ, ನಿಲ್ಲಿಸು! ಏನು ಮಾಡ್ತಿದ್ದೀಯ?"

"ಬಂದ್ಯಾ? ನಿನ್ನ ಮೆಷಿನ್ ಸಂತಾನ ನನ್ನ ಮೆಟ್ಟಿಲು ಕದೀತು. ಇನ್ನೇನು ಬೇಕು, ತಗೊಂಡು ಹೋಗು."

"ಮೆಷಿನ್ ಕದೀಲಿಲ್ಲ. ಅವನು ಕದ್ದ."

"ಎರಡೂ ಒಂದೇ!"

"ಒಂದೇನಾ? ಈಗ ಕಾಡು ಎರಡು ತುಂಡಾಯ್ತಲ್ಲ, ಅದು ಕತ್ತರಿ ಮಾಡಿದ್ದಾ, ನೀನು ಮಾಡಿದ್ದಾ?"

ಪರದೆಯಮ್ಮ ಕತ್ತರಿಯನ್ನು ಧಡ್ ಅಂತ ನೆಲಕ್ಕೆ ಹಾಕಿದಳು. ನಾದಿನಿ ಪಕ್ಕದಲ್ಲೇ ಕೂತಳು.

"ಕೇಳು. ನಾನು ಶನಿವಾರ ಶನಿವಾರ ಗ್ರಂಥಾಲಯದಲ್ಲಿ ಕಂಪ್ಯೂಟರು, ಬರೆದವರ ಹಕ್ಕು ಹೇಳಿಕೊಡೋ ತರಗತಿಗೆ ಹೋಗ್ತೀನಲ್ಲ, ಅಲ್ಲಿ ಕುಂಬಾರರು, ಟೈಲರ್‌ಗಳು, ಹಾಡೋರು ಎಲ್ಲಾ ಬರ್ತಾರೆ. ಮೊದಲು ಕ್ಯಾಮೆರಾ ಬೇರೆ, ಪ್ರೆಸ್ಸು ಬೇರೆ, ನಾಟಕ ಬೇರೆ, ಸಿನಿಮಾ ಬೇರೆ ಇತ್ತು. ಈಗ ಎಲ್ಲ ಒಂದೇ ಒಲೆ ಮೇಲೆ ಬಂದು ಕೂತಿವೆ. ನಿನ್ನ ಒಂದು ಚಿತ್ರ ನಾಟಕದ ಸ್ಕ್ರೀನಿಗೂ ಆಗುತ್ತೆ, ಮಕ್ಕಳ ಪುಸ್ತಕಕ್ಕೂ ಆಗುತ್ತೆ, ಫೋನಲ್ಲಿ ಆಡೋ ಆಟಕ್ಕೂ ಆಗುತ್ತೆ. ಒಂದು ಸಲ ಬರೆದಿದ್ದು ಹತ್ತು ಕಡೆ ದುಡಿಯುತ್ತೆ. ಅದು ಅವನಿಗೆ ಗೊತ್ತಾಯ್ತು. ನಿನಗೆ ಯಾರೂ ಹೇಳ್ಲಿಲ್ಲ."

"ಅಂದ್ರೆ ತಪ್ಪು ನಂದಾ?"

"ತಪ್ಪು ಅವನದೇ. ಅವನು ಪರದೇನೇ ಕೊಂಡಿದ್ದರೂ ಬಟ್ಟೆ ಮಾತ್ರ ಅವನದು, ಚಿತ್ರದ ನಕಲು ಮಾಡೋ ಹಕ್ಕು ನಿಂದೇ. ನೀನಾಗಿ ಆ ಹಕ್ಕನ್ನ ಕಾಗದದಲ್ಲಿ ಬರೆದುಕೊಟ್ಟಿದ್ದರೆ ಮಾತ್ರ ಬೇರೆ ಮಾತು. ಕೊಟ್ಟಿದ್ದೀಯಾ?"

"ಕೊಟ್ಟಿದ್ದು ಮೂಲೆ ಹಿಡಿದು ಒಂದು ನಗು."

"ನಗೂಗೆ ಕಾಗದದ ಬೆಲೆ ಇಲ್ಲ. ಸರಿ, ಈ ಪರದೆ ನಿಂದು ಅನ್ನೋಕೆ ಏನಿದೆ ನಿನ್ನ ಹತ್ರ? ಯಾವಾಗ ಬರೆದೆ? ಫೋಟೋ ಇದೆಯಾ? ಮೊದಲು ಪೆನ್ಸಿಲ್‌ನಲ್ಲಿ ಬರೆದಿದ್ದು ಇದೆಯಾ?"

ಪರದೆಯಮ್ಮ ಎದ್ದು ಹೋಗಿ ಟ್ರಂಕಿನಿಂದ ಒಂದು ಹಳೇ ನೋಟ್‌ಬುಕ್ ತಂದಳು. ಪ್ರತಿ ಪರದೆಯ ಚಿಕ್ಕ ನಕ್ಷೆ ಅದರಲ್ಲಿತ್ತು. ಬಣ್ಣ ಎಷ್ಟು ಬೇಕು ಅಂತ ಲೆಕ್ಕ ಹಾಕೋಕೆ ಬರೆದಿಟ್ಟದ್ದು, ಮೇಲೆ ತಾರೀಖು ಕೂಡ ಇತ್ತು. ನಾದಿನಿ ಎರಡೂ ಕೈಯಲ್ಲಿ ಹಿಡಿದು ಪುಟ ತಿರುವಿದಳು.

"ಅತ್ತಿಗೆ! ಇದನ್ನ ಇಟ್ಕೊಂಡು ಬಟ್ಟೆ ಕತ್ತರಿಸ್ತಾ ಕೂತಿದ್ದೀಯಲ್ಲ! ನಡಿ, ಮೊದಲು ಉಳಿದಿದ್ದನ್ನೆಲ್ಲ ದಾಖಲೆ ಮಾಡೋಣ."

ಕೆಲಸ ಅಂದುಕೊಂಡಷ್ಟು ಸಲೀಸಾಗಲಿಲ್ಲ. ಇಪ್ಪತ್ತು ಅಡಿ ಪರದೆಯನ್ನು ಒಂದೇ ಫೋಟೋದಲ್ಲಿ ಹಿಡಿದರೆ ಬ್ರಷ್‌ನ ಗೆರೆ ಕಾಣುವುದಿಲ್ಲ. ತುಂಡು ತುಂಡಾಗಿ ಹೊಡೆದು ಕಂಪ್ಯೂಟರಲ್ಲಿ ಜೋಡಿಸಬೇಕು. ಕೈಯಲ್ಲಿ ಹಿಡಿದು ಹೊಡೆದರೆ ಒಂದು ತುಂಡು ಮೇಲೆ, ಒಂದು ಕೆಳಗೆ. ಮೊದಲ ದಿನ ಹೊಡೆದದ್ದೆಲ್ಲ ದಂಡ. ಎರಡನೇ ದಿನ ನಡುವೆ ಬಿಸಿಲು ಬಂತು, ಒಂದೇ ಆಕಾಶ ಎರಡು ನೀಲಿಯಾಯಿತು.

"ನೋಡಿದ್ಯಾ ನಿನ್ನ ಮೆಷಿನ್ ಬುದ್ಧಿ!" ಅಂತ ಪರದೆಯಮ್ಮ ಬೈದಳು.

ಆಗ "ಬಿಡು" ಅಂದಿದ್ದ ಗಂಡನೇ ಎದ್ದ. ಹಲಗೆ ಕೊರೆದು ಒಂದು ಉದ್ದನೆಯ ಹಳಿ ಮಾಡಿದ. ಅದರ ಮೇಲೆ ಗಾಲಿ ಹಾಕಿದ ಪೆಟ್ಟಿಗೆ, ಪೆಟ್ಟಿಗೆ ಮೇಲೆ ಕ್ಯಾಮೆರಾ. ತಳ್ಳಿದರೆ ಒಂದು ಕೂದಲೆಳೆಯಷ್ಟೂ ಅಲುಗದೆ ಸಾಗುತ್ತಿತ್ತು. ಮೋಡ ಕವಿದ ಬೆಳಗ್ಗೆ ನೋಡಿ ಮತ್ತೆ ಹೊಡೆದರು. ಹನ್ನೆರಡು ದಿನದಲ್ಲಿ ಹತ್ತೊಂಬತ್ತು ಪರದೆ. ಪ್ರತಿಯೊಂದಕ್ಕೂ ಅವಳ ಹೆಸರು, ಬರೆದ ವರ್ಷ. ಎರಡು ಪ್ರತಿ ಮಾಡಿ ಎರಡು ಮನೆಯಲ್ಲಿಟ್ಟರು. ಅರಮನೆಯ ಚಿತ್ರವನ್ನು ಕಾಪಿರೈಟ್ ನೋಂದಣಿಗೂ ಕಳಿಸಿದರು. ಬರೆದ ಕ್ಷಣದಿಂದ ಚಿತ್ರ ಬರೆದವರದ್ದೇ, ಆದರೆ ಜಗಳ ಬಂದಾಗ ನೋಂದಣಿ ಇದ್ದರೆ ಕೈ ಗಟ್ಟಿ ಅಂತ ನಾದಿನಿ ಹೇಳಿದಳು.

ಕಾಡಿನ ಪರದೆಯನ್ನು ಮಾತ್ರ ಉಳಿಸಲು ಆಗಲಿಲ್ಲ. ಡ್ರೈವರ್ ಒಯ್ದ ಅರ್ಧ ಆಗಲೇ ಡಾಂಬರು ಮೆತ್ತಿಕೊಂಡಿತ್ತು.

ಆ ದಿನಗಳಲ್ಲೇ ಇನ್ನೊಂದು ನಡೆಯಿತು. ನಾದಿನಿ ಕಂಪ್ಯೂಟರಲ್ಲಿ ಹೊಳೆಯ ಚಿತ್ರ ತೋರಿಸುತ್ತಾ, "ಸ್ಕ್ರೀನಿಗೆ ಅಂತ ಬರೆಯೋದಾದ್ರೆ ಹತ್ತಿರದ ಮರ ಬೇರೆ, ದೂರದ ಮರ ಬೇರೆ, ಆಕಾಶ ಬೇರೆ ಬರೀಬೇಕು. ಆಗ ಪಾತ್ರ ನಡೆದ ಹಾಗೆ ಕಾಡೂ ಸರಿಯುತ್ತೆ. ಸ್ವಲ್ಪ ಕಷ್ಟ, ಕಲೀಬೇಕು" ಅಂದಳು.

ಪರದೆಯಮ್ಮ ಸಿಡುಕಿದಳು. "ಏನು ಕಲಿಯೋದು? ಮುಂದಿನ ಮರ, ಹಿಂದಿನ ಮರ ಅಂತ ನಾನು ಮೂವತ್ತು ವರ್ಷದಿಂದ ಬೇರೆ ಬೇರೆ ಬಟ್ಟೇಲಿ ಬರೆದು ನೇತುಹಾಕ್ತಿದ್ದೀನಿ! ನಿನ್ನ ಕಂಪ್ಯೂಟರಿಗೆ ಇದನ್ನ ಹೇಳಿಕೊಟ್ಟಿದ್ದೇ ನಮ್ಮಂಥವರು ಇರಬೇಕು!"

ನಾದಿನಿ ನಕ್ಕುಬಿಟ್ಟಳು. ಆ ದಿನ ಪರದೆಯಮ್ಮ ಮೊದಲ ಸಲ ಮೌಸ್ ಹಿಡಿದು ತಾನೇ ಮರ ಸರಿಸಿ ನೋಡಿದಳು. ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲ.

ಆಮೇಲೆ ಒಂದು ಬೆಳಗ್ಗೆ ಮೂವರೂ ಹಾಲ್ ನೋಡಿಕೊಳ್ಳುವ ಮೇಡಂ ಹತ್ತಿರ ಹೋದರು. ಮೇಡಂ ಗುತ್ತಿಗೆದಾರನನ್ನು ಕರೆಸಿದರು. ಅವನದು ಅದೇ ರಾಗ: "ನೆಟ್‌ನಲ್ಲಿ ಸಿಕ್ತು ಮೇಡಂ. ಇಂಥ ಮೆಟ್ಟಿಲು ಸಾವಿರ ಇರುತ್ತೆ."

ಪರದೆಯಮ್ಮ ಮೇಜಿನ ಮೇಲೆ ನೋಟ್‌ಬುಕ್ ಇಟ್ಟಳು. ಪೂರ್ತಿ ಪರದೆಯ ಫೋಟೋ ಇಟ್ಟಳು, ಮೂಲೆಯ ಸಹಿ ಸಮೇತ.

"ಸಾವಿರ ಇರಲಿ. ಏಳನೇ ಮೆಟ್ಟಿಲಿಗೆ ನೆರಳು ಯಾಕಿಲ್ಲ? ಹೇಳಪ್ಪ. ನೀನು ಹೇಳಿದರೆ ಈಗಲೇ ಎದ್ದು ಹೋಗ್ತೀನಿ."

ಮೇಡಂ ಕಂಪ್ಯೂಟರಲ್ಲಿ ಅವನ ಚಿತ್ರ ತೆರೆದರು. ಎಣಿಸಿದರು. ಅವನು ಕಿಟಕಿಯ ಕಡೆ ನೋಡಿದ.

"ನಾನು ಹೇಳ್ಲಾ?" ಪರದೆಯಮ್ಮ ಆ ಏಳನೇ ಮೆಟ್ಟಿಲಿನ ಮೇಲೆ ಬೆರಳಿಟ್ಟಳು. "ಅವತ್ತು ನಮ್ಮತ್ತೆ ಸೊಂಟ ಮುರಿದುಕೊಂಡಿದ್ದರು. ಅವರನ್ನ ಎತ್ತಿಕೊಂಡು ಓಡಿದವಳು ನಾನು. ನನ್ನ ಗಾಬರೀನೂ ಬಿಡದೆ ನಕಲು ಹೊಡೆದಿದ್ದೀಯಲ್ಲೋ! ಬರೆದವರು ಯಾರು ಅಂತ ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನು ಕ್ಷಮೆ ಕೇಳಲಿಲ್ಲ. ಅಂಥವರು ಕೇಳುವುದೂ ಇಲ್ಲ. ಆದರೆ ಆ ಚಿತ್ರವನ್ನು ಅವತ್ತೇ ತೆಗೆಯಬೇಕಾಯಿತು. ಅದನ್ನು ಇಷ್ಟು ದಿನ ತೋರಿಸಿದ್ದಕ್ಕೆ ಪರದೆಯಮ್ಮನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕಾಯಿತು. ಬರೆದವರ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಚಿತ್ರವನ್ನೂ ಸ್ಕ್ರೀನಿಗೆ ಹಾಕುವಂತಿಲ್ಲ, ಅವರ ಹೆಸರು ಮೊದಲು ತೋರಿಸಬೇಕು ಅಂತ ಮೇಡಂ ಹಾಲ್‌ಗೆ ನಿಯಮ ಮಾಡಿದರು.

ಮುಂದಿನ ನಾಟಕಕ್ಕೆ ಶಾಲೆಯವರು ದೃಶ್ಯ ಬರೆಸಲು ಪರದೆಯಮ್ಮನ ಮನೆಗೇ ಬಂದರು. ಅವಳು ಒಪ್ಪಂದವನ್ನು ಎರಡು ಸಲ ಓದಿಸಿಕೊಂಡಳು. "ಈ ಒಂದು ನಾಟಕಕ್ಕೆ ಮಾತ್ರ. ಪುಸ್ತಕಕ್ಕೋ ಸಿನಿಮಾಕ್ಕೋ ಬೇಕಾದರೆ ಬೇರೆ ಕಾಗದ" ಅಂತ ಸೇರಿಸಿ ಸಹಿ ಹಾಕಿದಳು. ಅವಳು ಬಟ್ಟೆ ಮೇಲೆ ಬರೆದಳು, ಗಂಡ ಹಳಿ ಹಾಕಿದ, ನಾದಿನಿ ಕಂಪ್ಯೂಟರಲ್ಲಿ ಜೋಡಿಸಿದಳು. ಈಗ ಆ ಶೆಡ್ಡಿಗೆ ಗೊಂಬೆ ಮಾಡುವವರು, ಕಸೂತಿ ಹಾಕುವವರು ತಮ್ಮ ಕೆಲಸ ತಂದು ದಾಖಲೆ ಮಾಡಿಸಿಕೊಂಡು ಹೋಗುತ್ತಾರೆ.

"ಅವತ್ತು ಬಿಡು ಅಂದಿದ್ದೆ. ನನ್ನ ಮಾತು ಕೇಳದೇ ಇದ್ದಿದ್ದೇ ಒಳ್ಳೇದಾಯ್ತು" ಅನ್ನುತ್ತಾನೆ ಗಂಡ.

"ನಿಮ್ಮ ಮಾತು ಯಾವತ್ತು ಕೇಳಿದ್ದೀನಿ?" ಅನ್ನುತ್ತಾಳೆ ಪರದೆಯಮ್ಮ. ಅವಳ ಸಿಟ್ಟು ಇನ್ನೂ ಇಳಿದಿಲ್ಲ. ಕಾಡಿನ ಮಾತು ಬಂದರೆ ಇವತ್ತಿಗೂ ಎದ್ದು ಹೊರಗೆ ಹೋಗಿಬಿಡುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ಹೊಲಿಯುತ್ತೀರಾ, ಕೆತ್ತುತ್ತೀರಾ, ಹಾಡುತ್ತೀರಾ, ಚಿತ್ರ ಬರೆಯುತ್ತೀರಾ? ಹಾಗಿದ್ದರೆ ಈ ಹೊತ್ತೇ ಎದ್ದು ನಿಮ್ಮ ಕೆಲಸದ ಫೋಟೋ ತೆಗೆಯಿರಿ, ಹಾಡಾದರೆ ರೆಕಾರ್ಡ್ ಮಾಡಿ. ಹೆಸರು ಬರೆಯಿರಿ, ತಾರೀಖು ಹಾಕಿ, ಇನ್ನೊಂದು ಕಡೆಯೂ ಒಂದು ಪ್ರತಿ ಇಡಿ. ಕಚ್ಚಾ ನಕ್ಷೆಯನ್ನು ಒಲೆಗೆ ಹಾಕಬೇಡಿ. "ಬರೀ ಒಂದು ಫೋಟೋ" ಅಂದವರನ್ನು ಯಾತಕ್ಕೆ ಅಂತ ಕೇಳಿ, ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಓದದೆ ಸಹಿ ಹಾಕಬೇಡಿ. ಕಂಪ್ಯೂಟರ್ ಕಂಡರೆ ದೂರ ಓಡಬೇಡಿ, ಗೊತ್ತಿರುವವರ ಪಕ್ಕ ಕೂತು ಕಲಿಯಿರಿ. ಅದಕ್ಕೆ ಬೇಕಾದ ಅರ್ಧ ವಿದ್ಯೆ ನಿಮ್ಮ ಕೈಯಲ್ಲಿ ಆಗಲೇ ಇದೆ.

ನಮ್ಮದನ್ನು ನಮ್ಮದು ಅನ್ನೋಕೆ ನಮಗೇಕೆ ನಾಚಿಕೆ? ಕದ್ದವನಿಗೇ ಇಲ್ಲ.