ನೀರಿನಲ್ಲಿ ಗೀಚಿದ ತ್ರಿಭುಜ

ತಾಟಿನ ಮೇಲೆ ನೀರು ಆರುತ್ತಿದೆ, ಮೊದಲು ಅಡಿಯ ಗೆರೆ, ಈಗ ಎಡದ ಓರೆ, ಎಲ್ಲ ಆರಿಹೋದರೆ ಅವರು ಆ ಮಾತು ಅನ್ನಲೇ ಇಲ್ಲ ಎಂದುಕೊಳ್ಳಬಹುದೇ — ಇಲ್ಲ, ಕಿವಿಯಲ್ಲಿ ಇನ್ನೂ ಇದೆ, ಈ ಡಬ್ಬಿ ಯಾಕ ಹಾಕೀರಿ? ಭಾಲ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಸತೀಶಕುಮಾರ, ನನ್ನನ್ನು ನೋಡಲು ಮೈಲೂರಿನ ನಮ್ಮ ಮನೆಗೆ ಬಂದ ವರ, ಎದುರಿಗೆ ಚಾಪೆಯ ಮೇಲೆ ಕೂತು ಕೇಳಿದ್ದು ಅದನ್ನೇ, ತಮಾಷೆ ಇರಬೇಕು ಎಂದು ಮುಖ ನೋಡಿದೆ, ತಮಾಷೆ ಇರಲಿಲ್ಲ. ಎಲ್ಲ ಮಡೆಪ್ಪ ಮಾಮಾನಿಂದ, ಅವರ ಊರಾದ ಔರಾದದಿಂದ ಈ ಸಂಬಂಧ ತಂದವನೂ ಅವನೇ, ಏನ ಕಾಜಲ, ಬಾಯಿಗಿ ಕೀಲಿ ಹಾಕ್ಕೊಂಡೀದೇನ, ಬಿಎಸ್ಸಿ ಕಲ್ತೀದಿ, ಮಾಸ್ತರಗ ಒಂದ ಸವಾಲ ಹಾಕು, ನಿಂದರ್ತಾರೋ ಓಡ್ತಾರೋ ನೋಡಾಮು ಅಂದ. ಎಲ್ಲರೂ ನಕ್ಕರು, ನಾನು ತಾಟಿನಲ್ಲಿ ಚೆಲ್ಲಿದ ನೀರಿಗೆ ಬೆರಳದ್ದಿ ಗೀಚಿದೆ, ಲಂಬಕೋನ ತ್ರಿಭುಜ, ಉದ್ದನೆಯ ಬಾಹುವನ್ನು ಕೆಳಗೆ ಮಲಗಿಸಿ, ಲಂಬಕೋನ ಮೇಲೆ ಬರುವಂತೆ, ಆ ಮೂಲೆಯಲ್ಲಿ ತೊಂಬತ್ತು ಡಿಗ್ರಿಯ ಗುರುತಿಗೆ ಪುಟ್ಟ ಚೌಕ, ಎಂಟನೆಯ ತರಗತಿಯ ಮಕ್ಕಳೂ ಹಾಕುವ ಚೌಕ. ತಾಟನ್ನು ಅವರತ್ತ ತಿರುಗಿಸಿದೆ, ಇದರಾಗ ವಿಕರ್ಣ ಯಾವದ್ರಿ, ಬೇಕೆಂದೇ ಸುಲಭದ್ದು, ಅವರಿಗೆ ಮುಜುಗರ ಆಗಬಾರದೆಂದು. ಇದೇ ಅಲ್ರಿ, ಓರೆ ಅದ ನೋಡ್ರಿ — ಬೆರಳು ಎಡಗಡೆಯ ಬಾಹುವಿನ ಮೇಲೆ, ಅವರ ಕಾಕಾ ತೊಡೆ ತಟ್ಟಿದ, ನೋಡ್ರಿ, ಹ್ಯಾಂಗ ಫಟ್ ಅಂತ ಹೇಳ್ದ ನಮ್ಮ ಮಾಸ್ತರ! ಗಾಬರಿ ಇರಬೇಕು, ನನ್ನ ಕೈಯೂ ಬೆವರಿತ್ತಲ್ಲ, ವಿಕರ್ಣ ಅಂದರೆ ಲಂಬಕೋನದ ಎದುರಿನ ಬಾಹು, ಮಲಗಿರಲಿ ಓರೆಯಾಗಿರಲಿ ಅದೇ, ಇದನ್ನು ಅವರು ದಿನಾ ಹೇಳುತ್ತಿರಬೇಕು, ಇನ್ನೊಮ್ಮೆ ನೋಡಲಿ ಎಂದು ಆ ಚೌಕವನ್ನು ಮುಟ್ಟಿ ತೋರಿಸಿದೆ, ಆಗಲೇ — ಈ ಡಬ್ಬಿ ಯಾಕ ಹಾಕೀರಿ?

ಗಾಬರಿಗೆ ಹೆಸರು ಮರೆಯಬಹುದು, ಚೌಕವೇ ಮರೆಯುತ್ತದೆಯೇ, ಹಾಗಾದರೆ ಇವರು ಗಣಿತದ ಮಾಸ್ತರರೇ ಅಲ್ಲ, ಭಾಲ್ಕಿಯಲ್ಲಿ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ, ಯಾರು ನೋಡಿ ಬಂದರು, ಮಾಮಾ ನೋಡಿದನೇ, ಅವ್ವ ಕೇಳಿದಳೇ, ಇಂದು ಮುಂಜಾನೆ ದಿನಚರಿಯಲ್ಲಿ ನಾನೇ ಬರೆದೆನಲ್ಲ, ಗಣಿತದವರು, ಒಂದೇ ಮನೆಯಲ್ಲಿ ಇಬ್ಬರೂ ಕೂತು ಲೆಕ್ಕ ಬಿಡಿಸಬಹುದು ಎಂದು — ಅಯ್ಯೋ, ಮಾಮಾ ಸಕ್ಕರೆಯ ಪೊಟ್ಟಣ ಬಿಚ್ಚುತ್ತಿದ್ದಾನೆ, ಹುಡುಗಿಯ ಬಾಯಿಗೆ ಸಕ್ಕರೆ ಬಿದ್ದರೆ ಒಪ್ಪಿದಂತೆ, ಮಾತು ಮುಗಿದಂತೆ. ಅವ್ವ ಚಿಟಿಕೆ ಹಿಡಿದು ಬರುತ್ತಿದ್ದಾಳೆ, ಹಿಗ್ಗಿದ ಮುಖ, ಬಾಯಿ ತೆರಿ ನನ್ನವ್ವ, ನಾಚಕೋಬ್ಯಾಡ. ನಾಚಿಕೆ ಅಲ್ಲ ಅವ್ವ, ಹೇಳಬೇಕು, ಈಗಲೇ, ಎಲ್ಲರೆದುರು, ಎಂದೂ ಎಲ್ಲರೆದುರು ಮಾತಾಡದ ನಾನು, ಸಕ್ಕರೆ ಕೆಳದುಟಿಗೆ ತಾಗುತ್ತಿದೆ, ಹಲ್ಲು ಕಚ್ಚಿದ್ದೇನೆ, ತೆರಿಯವ್ವ, ಎಲ್ಲಾರೂ ನೋಡಕತ್ತಾರ, ಹೌದು ನೋಡುತ್ತಿದ್ದಾರೆ, ಅವರೂ, ನಗು ನಿಂತಿದೆ, ನನ್ನ ಮುಖ ತಾನಾಗಿಯೇ ಆಚೆ ತಿರುಗುತ್ತಿದೆ, ಅವ್ವನ ಬೆರಳುಗಳಿಂದ ಚಾಪೆಯ ಮೇಲೆ ಸಕ್ಕರೆ, ಸದ್ದಿಲ್ಲದೆ, ಸಕ್ಕರೆ, ಇನ್ನೂ ಉದುರುತ್ತಿದೆ, ಸಕ್ಕರೆ —