ಅಪ್ಪಯ್ಯಣ್ಣನವರ ಕಾರಿಗೆ ಹೊಸ ಬ್ರೇಕು

ಮುಂದಿನ ಬಲಚಕ್ರದ ಡ್ರಮ್ಮು ಕಳಚುತ್ತಿದ್ದ ಹಾಗೇ ಗೋವಿಂದರಾಜುವಿಗೆ ತನ್ನ ತಪ್ಪು ಕಣ್ಣಿಗೆ ಬಿತ್ತು. ಒಳಗೆ ಕೂತಿದ್ದದ್ದು ಎಡಗಡೆಯ ಬ್ರೇಕ್ ಪ್ಲೇಟು. ಎಡಚಕ್ರವನ್ನೂ ಬಿಚ್ಚಿದ. ಅಲ್ಲಿ ಬಲಗಡೆಯದು. ಈ ನಮೂನೆಯ ಪ್ಲೇಟು ಅದಲುಬದಲಾದರೆ ಕಾರು ಹಿಂದಕ್ಕೆ ಬರುವಾಗ ಬ್ರೇಕು ಗಟ್ಟಿಯಾಗಿ ಹಿಡಿಯುತ್ತದೆ, ಮುಂದಕ್ಕೆ ಹೋಗುವಾಗ ಜಾರುತ್ತದೆ. ಇಪ್ಪತ್ತಾರು ವರ್ಷ ಸ್ಪ್ಯಾನರ್ ಹಿಡಿದವನು ಮಾಡುವ ಕೆಲಸವೇ ಇದು? ಶೆಡ್ಡಿನಲ್ಲಿ ಒಬ್ಬನೇ ಇದ್ದರೂ ಅವನಿಗೆ ತಲೆ ಎತ್ತಲಾಗಲಿಲ್ಲ.

ಅಪ್ಪಯ್ಯಣ್ಣನವರದು ಐವತ್ತೆಂಟನೇ ಇಸವಿಯ ಕಾರು. ಅದರ ಬ್ರೇಕಿನ ಸಾಮಾನು ಸೂಲಿಬೆಲೆಯಲ್ಲಿರಲಿ, ಬೆಂಗಳೂರಿನಲ್ಲೂ ಸಿಗದೆ, ಈಚಿನ ಮಾಡೆಲ್ಲಿನ ಡ್ರಮ್ಮು, ಪ್ಲೇಟು, ಶೂ ತಂದು ಹೊಂದಿಸಿದ್ದ. ನಿನ್ನೆ ಶೆಡ್ಡಿನಿಂದ ರಿವರ್ಸ್ ತೆಗೆಯುವಾಗ ಒತ್ತಿ ನೋಡಿದರೆ ಕಾರು ನಿಂತಲ್ಲೇ ನಿಂತಿತ್ತು. ಮುಂದಕ್ಕೂ ಓಡಿಸಿ ನೋಡೋಣವೆಂದರೆ ಅಪ್ಪಯ್ಯಣ್ಣ ಬಿಡಲಿಲ್ಲ.

"ನಿಂಬೇಹಣ್ಣು ತುಳಿಸ್ದೆ ಗಾಲಿ ಮುಂದುಕ್ಕೆ ಉರುಳ್ಬಾರ್ದು ಕಣಪ್ಪಾ."

"ಆಗ್ಲಿ ಬಿಡಣ್ಣಾ, ಬ್ರೇಕಂತೂ ಉಡದಂಗೆ ಹಿಡೀತದೆ" ಎಂದು ಇವನೂ ಜಂಬ ಕೊಚ್ಚಿದ್ದ.

ಪೂಜೆ ಮುಗಿಸಿ ಅಪ್ಪಯ್ಯಣ್ಣನೇ ಸ್ಟೀರಿಂಗ್ ಹಿಡಿದರು. ನಿಂಬೇಹಣ್ಣು ಅಪ್ಪಚ್ಚಿಯಾಯಿತು. ಕಾರು ಮಾತ್ರ ನಿಲ್ಲದೆ ಎದುರಿನ ಹಾಲಿನ ಡೈರಿಯ ಕಟ್ಟೆಗೆ ಗುದ್ದಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಆದರೆ ಅವರ ಮಗ ಕೆಂಪರಾಜ್ ಹಾಲು ಹಾಕಲು ಬಂದವರೆಲ್ಲರ ಎದುರಿಗೇ ಕೀ ಕಿತ್ತುಕೊಂಡ. "ಬ್ರೇಕ್ ಯಾವ್ದು, ಎಕ್ಸಲೇಟರ್ ಯಾವ್ದು ಗೊತ್ತಾಗಲ್ಲ ನಿಂಗೆ. ಇನ್ಮೇಲೆ ಸ್ಟೀರಿಂಗ್ ಮುಟ್ಬೇಡಪ್ಪ!" ಕಾರನ್ನು ಶೆಡ್ಡಿಗೆ ವಾಪಸ್ ತಳ್ಳಿಸಿ, ಕೀಯನ್ನು ಗೋವಿಂದರಾಜುವಿನ ಕೈಗೆ ಹಾಕಿದ. ಗೋವಿಂದರಾಜುವಿಗೆ ಆಗಲೇ ಅನುಮಾನ ಬಂದಿತ್ತು. ಬಾಯಿ ಬಿಡಲಿಲ್ಲ.

ಈಗಲೂ ಅವನು ಮೊದಲು ಮಾಡಿದ್ದು, ಯಾರಾದರೂ ನೋಡುವ ಮುಂಚೆ ಪ್ಲೇಟುಗಳನ್ನು ಸರಿಯಾದ ಕಡೆಗೆ ಕೂರಿಸಿದ್ದು. ಓಡಿಸಿ ನೋಡಿದ. ಬ್ರೇಕು ಚೆನ್ನಾಗಿ ಹಿಡಿಯಿತು. ಅದು ಹಿಡಿದಷ್ಟೂ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಕೈ ಕೂಡ ತೊಳೆಯದೆ ಅಪ್ಪಯ್ಯಣ್ಣನವರ ಮನೆಗೆ ಹೋದ.

"ಅಣ್ಣಾ, ತಪ್ಪು ನಂದು. ಪ್ಲೇಟು ಅದ್ಲುಬದ್ಲು ಹಾಕ್ಬಿಟ್ಟಿದ್ದೆ. ನೀವು ಒತ್ತಿದ್ದು ಬ್ರೇಕೇ."

ಕೆಂಪರಾಜ್ ಎದ್ದು ನಿಂತ. "ಎಲ್ಲಿ, ತೋರ್ಸು ನಡಿ."

"ಈಗ... ಸರಿ ಮಾಡ್ಬಿಟ್ಟೆ."

ಕೆಂಪರಾಜ್ ನಕ್ಕುಬಿಟ್ಟ. "ನಮ್ಮಪ್ಪ ಬೇಜಾರಾಗೌನೆ ಅಂತ ಸುಳ್ ಹೇಳಕ್ ಬಂದ್ಯಾ ಗುರು? ದೊಡ್ಡ ಮನಸ್ಸು ನಿಂದು."

"ನಮ್ಮಮ್ಮನಾಣೆಗೂ ನಿಜ!"

"ಆಣೆ ಯಾಕೆ ಮಾಡ್ತೀಯ ಗೋವಿಂದ" ಎಂದರು ಅಪ್ಪಯ್ಯಣ್ಣ, ಮೆತ್ತಗೆ. "ನನ್ ಮರ್ವಾದೆ ಉಳ್ಸಕ್ಕೆ ನಿನ್ ಹೆಸ್ರು ಕೆಡುಸ್ಕೋಬೇಡ. ಬ್ರೇಕೇ ಒತ್ತಿದ್ದು ಅಂತ ನಾನೂ ಅಂದ್ಕೊಂಡಿದ್ದೆ. ಆಮೇಲೆ ಕೂತು ಯೋಚ್ನೆ ಮಾಡ್ದೆ. ಇಲ್ಲ, ನನ್ ಕಾಲೇ ತಪ್ತು."

ಗೋವಿಂದರಾಜು ಮತ್ತೆ ಮತ್ತೆ ಹೇಳಿದ. ಹೇಳಿದಷ್ಟೂ ಒಳ್ಳೆಯವನಾದ. ಅಪ್ಪಯ್ಯಣ್ಣನ ಹೆಂಡತಿ ಅಮ್ಮಯಮ್ಮ, ನಿನ್ನಂಥೋರು ಇರ್ಬೇಕು ಕಣಪ್ಪಾ ಎಂದು ಕಾಫಿ ಕೊಟ್ಟರು.

ಅವನು ಹೊರಟಾಗ ಗೇಟಿನವರೆಗೆ ಬರುತ್ತೇನೆಂದು ಅಪ್ಪಯ್ಯಣ್ಣ ಎದ್ದರು. ಜಗಲಿಗೆ ಮೂರೇ ಮೆಟ್ಟಿಲು. ಅವರು ಗೋಡೆ ಹಿಡಿದುಕೊಂಡು ಬಲಗಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟು, ಅದು ಸರಿಯಾಗಿ ಊರಿದೆಯೇ ಎಂದು ಬಗ್ಗಿ ನೋಡಿಕೊಂಡರು.